ಚಪ್ಪಲಿ ಕಾಯುವವನ ಮೊಮ್ಮಗ ಮೂಕಿ ಚಿತ್ರಕ್ಕೆ ಮಾತಾದದ್ದು

ಹಮಾಸೆ ಊರಿನಲ್ಲಿ "ನನಗೆ ಬರುವುದಿಲ್ಲ" ಎಂಬ ಮಾತನ್ನು ಯಾರೂ ನಂಬುವುದಿಲ್ಲ. ನಂಬಿದರೆ ಅದು ಒರಟುತನ. ಹಾಡಲು ಬರುವುದಿಲ್ಲ ಎಂದವಳನ್ನು ಎರಡನೆಯ ಹಾಡಿಗೂ ಒತ್ತಾಯಿಸಬೇಕು. ಮನೆಯಲ್ಲಿ ತಿನ್ನಲು ಏನೂ ಇಲ್ಲ ಎಂದವರ ಮನೆಗೆ ಹಸಿದುಕೊಂಡೇ ಹೋಗಬೇಕು. "ನಮ್ಮ ಹುಡುಗ ಶತದಡ್ಡ" ಎಂದು ತಾಯಿ ತಲೆ ತಗ್ಗಿಸಿದರೆ, ಹುಡುಗ ತರಗತಿಗೇ ಮೊದಲಿಗ ಎಂದು ತಿಳಿದು ಅಭಿನಂದಿಸಬೇಕು. ಊರಿಗೆ ಊರೇ ಹೀಗೆ ನಡೆಯುವುದರಿಂದ ಯಾರಿಗೂ ತೊಂದರೆಯಿಲ್ಲ. ತೊಂದರೆಯಾಗುವುದು ನಿಜವಾಗಿಯೂ ಏನೂ ಬಾರದವನಿಗೆ. ಅವನು ತನ್ನ ನಿಜವನ್ನು ಹೇಳುವುದಕ್ಕೆ ಬೇಕಾದ ಮಾತನ್ನು ಹಮಾಸೆಯ ಸಭ್ಯರು ಇನ್ನೂ ಕಂಡುಹಿಡಿದಿಲ್ಲ.

ಉಶಿಯೊ ತಮೊತ್ಸುವಿಗೆ ಬಟ್ಟೆ ಒಗೆಯುವುದು ಬರುತ್ತಿತ್ತು, ಇಸ್ತ್ರಿ ಬರುತ್ತಿತ್ತು, ಮೀನಿನ ಎಣ್ಣೆಯ ಕಲೆ ತೆಗೆಯುವುದು ಬರುತ್ತಿತ್ತು. ಅಲ್ಲಿಗೆ ಮುಗಿಯಿತು. ಪೇಟೆ ಬೀದಿಯಲ್ಲಿ ಅವನದೊಂದು ಲಾಂಡ್ರಿ. ಮನೆಯಲ್ಲಿ ಹೆಂಡತಿ ಫುಮಿಯೆ. ಒಳಕೋಣೆಯಲ್ಲಿ ಹೆಂಡತಿಯ ಅಪ್ಪ. ಈ ಮಾವ ಸಾಮಾನ್ಯರಲ್ಲ. ಅಕುತ್ಸು ಹೆಡ್‌ಮೇಷ್ಟ್ರು ಎಂದರೆ ಊರಿನ ಅರ್ಧ ಜನಕ್ಕೆ ಈಗಲೂ ಅಂಗೈ ಉರಿಯುತ್ತದೆ. ಅವರ ಶಾಲೆಯನ್ನು ಅರ್ಧಕ್ಕೆ ಬಿಟ್ಟವರು ದೋಣಿ ಹತ್ತಿದರು, ಪೂರ್ತಿ ಓದಿದವರು ಪಟ್ಟಣ ಕಚೇರಿ ಹತ್ತಿದರು. ಬೆನ್ನು ಬಗ್ಗಿಸುವುದು ಎರಡೂ ಕಡೆ ಇದ್ದೇ ಇತ್ತು. ದೋಣಿಯಲ್ಲಿ ಬಗ್ಗಿದರೆ ಮೀನಾದರೂ ಸಿಗುತ್ತಿತ್ತು. ಉಶಿಯೊ ಶಾಲೆ ಬಿಟ್ಟದ್ದಲ್ಲದೆ, ಬಿಟ್ಟ ಶಾಲೆಯ ಹೆಡ್‌ಮೇಷ್ಟ್ರ ಮಗಳನ್ನೇ ಮದುವೆಯಾದ. ಅಂದಿನಿಂದ ಮೇಷ್ಟ್ರು ಊರಲ್ಲಿ ಸಿಕ್ಕಸಿಕ್ಕವರಿಗೆಲ್ಲ "ನನ್ನ ಅಳಿಯ ಕೈಲಾಗದವನು" ಎಂದು ಹೇಳುತ್ತ ಬಂದಿದ್ದರು. ಪಾಪ, ಅವರು ನಿಜವನ್ನೇ ಹೇಳುತ್ತಿದ್ದರು.

ಎಲ್ಲ ಶುರುವಾದದ್ದು ಊರಿನ ಬಿಸಿನೀರ ಸ್ನಾನದ ಮನೆಯಲ್ಲಿ. ಪಟ್ಟಣ ಕಚೇರಿಯ ಸಂಸ್ಕೃತಿ ವಿಭಾಗದವರು ಮೀನುಗಾರರ ಸಂಘದ ಸಭಾಂಗಣದಲ್ಲಿ ಹಳೆಯ ಮೂಕಿ ಹಾಸ್ಯಚಿತ್ರವೊಂದನ್ನು ತೋರಿಸುತ್ತಾರೆ, ಒಸಾಕಾದಿಂದ ವಾದ್ಯದವರು ಬಂದು ಚಿತ್ರ ಓಡುವಾಗಲೇ ಎದುರು ಕೂತು ನುಡಿಸುತ್ತಾರೆ, ಜೊತೆಗೆ ಒಬ್ಬ ಬೆನ್ಶಿಯೂ ಬರುತ್ತಾನೆ ಎಂದು ಸುದ್ದಿ. ಬೆನ್ಶಿ ಎಂದರೆ ಪರದೆಯ ಪಕ್ಕ ನಿಂತು, ಬಾಯಾಡಿಸುವ ಪ್ರತಿಯೊಬ್ಬನಿಗೂ ತನ್ನ ಗಂಟಲನ್ನು ಸಾಲ ಕೊಟ್ಟು ಕಥೆ ನಡೆಸುವವನು. ತಾತಂದಿರ ಕಾಲದಲ್ಲಿ ಜನ ಚಿತ್ರ ಯಾವುದೆಂದು ಕೇಳುತ್ತಿರಲಿಲ್ಲ, ಬೆನ್ಶಿ ಯಾರೆಂದು ಕೇಳುತ್ತಿದ್ದರು. ಸುದ್ದಿ ಕೇಳಿದ್ದೇ ತಡ, ಕುತ್ತಿಗೆವರೆಗೆ ಬಿಸಿನೀರಲ್ಲಿ ಮುಳುಗಿದ್ದ ಗಂಡಸರೆಲ್ಲ ತಮ್ಮ ತಮ್ಮ ತಾತಂದಿರನ್ನು ಮೇಲೆತ್ತತೊಡಗಿದರು.

"ನಮ್ಮ ಮುತ್ತಾತ ಕಮೊಮೆ ಚಿತ್ರಮಂದಿರದಲ್ಲಿ ತುತ್ತೂರಿ ಊದ್ತಿದ್ದ. ಊದಿ ಊದಿ ಮುಂದಿನ ಹಲ್ಲೇ ಹೋಗಿದ್ವು," ಎಂದ ಮೀನಿನಂಗಡಿಯವನು.

"ನಮ್ಮ ತಾತನ ಕೈಲಿ ಗಡ್ಡ ಕೆರೆಸ್ಕೊಳ್ದೆ ಒಬ್ಬ ಬೆನ್ಶೀನೂ ವೇದಿಕೆ ಹತ್ತಿದ್ದಿಲ್ಲ," ಎಂದ ಗೊಂಡೊ. ಗೊಂಡೊ ಕ್ಷೌರದಂಗಡಿಯವನು, ಪೇಟೆ ಬೀದಿ ಸಂಘದ ಅಧ್ಯಕ್ಷ, ಮತ್ತು ಯಾವ ಸುದ್ದಿಯನ್ನೂ ಬಾಯಲ್ಲಿಟ್ಟುಕೊಂಡು ಮಲಗಿದವನಲ್ಲ.

ಉಶಿಯೊ ಮೂಲೆಯಲ್ಲಿ ಕೂತಿದ್ದ. ಅವನಿಗೂ ಒಬ್ಬ ತಾತನಿದ್ದ. "ನಮ್ಮಜ್ಜನೂ ಕಮೊಮೆಯಲ್ಲೇ ಇದ್ದ," ಎಂದುಬಿಟ್ಟ.

"ಹೌದಾ! ಏನಾಗಿದ್ರು?"

ಅಜ್ಜ ಚಪ್ಪಲಿ ಕಾಯುತ್ತಿದ್ದ. ಜನ ಬಾಗಿಲಲ್ಲಿ ಬಿಟ್ಟ ಮರದ ಚಪ್ಪಲಿಗಳಿಗೆ ಬಿಲ್ಲೆ ಕಟ್ಟಿ, ಸಾಲಾಗಿ ಜೋಡಿಸಿ, ಆಟ ಮುಗಿದಾಗ ಸರಿಯಾದ ಕಾಲಿಗೆ ಸರಿಯಾದದ್ದನ್ನು ಒಪ್ಪಿಸುವುದು ಅವನ ಕೆಲಸ. ಆದರೆ ಹಲ್ಲು ಹೋಗುವಷ್ಟು ತುತ್ತೂರಿ ಊದಿದವನ ಎದುರು ಚಪ್ಪಲಿ ತೆಗೆಯುವುದು ಹೇಗೆ? "ಅಯ್ಯೋ, ಹೇಳ್ಕೊಳ್ಳೋವಂಥದ್ದೇನಿಲ್ಲ ಬಿಡಿ," ಎಂದ ಉಶಿಯೊ. ಅದು ಅಕ್ಷರಶಃ ಸತ್ಯ.

ಗೊಂಡೊನ ತಲೆಯ ಮೇಲಿದ್ದ ಮಡಿಸಿದ ಟವೆಲ್ಲು ಜಾರಿ ನೀರಿಗೆ ಬಿತ್ತು.

"ಬೆನ್ಶಿ!" ಎಂದ ಗೊಂಡೊ, ಉಸಿರೇ ಹೊರಡದವನಂತೆ.

"ಛೆ ಛೆ, ಅಲ್ಲ," ಎಂದ ಉಶಿಯೊ. ಎಂದನೇನೋ ನಿಜ, ಆದರೆ ಅರೆಗಳಿಗೆ ತಡಮಾಡಿ ಎಂದ. ಆ ಅರೆಗಳಿಗೆಯಲ್ಲಿ ಎಲ್ಲರೂ ತನ್ನನ್ನೇ ನೋಡುತ್ತಿದ್ದುದು ಅವನಿಗೆ ಹಿತವಾಗಿತ್ತು. ಈ ಕಥೆಯಲ್ಲಿ ಉಶಿಯೊ ಮಾಡಿದ ತಪ್ಪು ಇದೊಂದೇ. ಮಿಕ್ಕಿದ್ದನ್ನೆಲ್ಲ ಊರು ಮಾಡಿತು.

ಮರುದಿನ ಗೊಂಡೊನ ಅಂಗಡಿಯಲ್ಲಿ ತಲೆ ಕೊಟ್ಟವರೆಲ್ಲ ಸುದ್ದಿ ತೆಗೆದುಕೊಂಡು ಹೋದರು. ಸಂಜೆ ಊಟಕ್ಕೆ ಕೂತಾಗ ಅಕುತ್ಸು ಮೇಷ್ಟ್ರು ತಮ್ಮ ಸಾಕೆಯ, ಅಂದರೆ ಅಕ್ಕಿ ಹೆಂಡದ, ಹೂಜಿಯನ್ನು ಎತ್ತಿಕೊಂಡು ಅಳಿಯನ ಕಡೆ ತಿರುಗಿದರು.

"ಲೋಟ ಹಿಡಿ."

"ಮಾವ?"

"ಲೋಟ ಹಿಡಿ ಅಂದೆ."

ಉಶಿಯೊ ಹಿಡಿದ. ಮೇಷ್ಟ್ರು ಬಗ್ಗಿಸಿದರು. ಫುಮಿಯೆಯ ಕೈಯಿಂದ ಉಪ್ಪಿನ ಮೂಲಂಗಿಯ ತಟ್ಟೆ ಜಾರಿತು. ಅಪ್ಪ ತನ್ನ ಕೈಯಾರೆ ಗಂಡನಿಗೆ ಸಾಕೆ ಬಗ್ಗಿಸಿದ್ದನ್ನು ಅವಳು ಮದುವೆಯ ದಿನವೂ ಕಂಡಿರಲಿಲ್ಲ.

"ಬೆನ್ಶಿಯ ಮೊಮ್ಮಗ," ಎಂದರು ಮೇಷ್ಟ್ರು. "ಇಷ್ಟು ವರ್ಷ ನನ್ನ ಕೈಲಿ ಬೈಸ್ಕೊಂಡೂ ಒಂದು ಮಾತು ಆಡ್ಲಿಲ್ಲ."

"ಮಾವ, ಅದು ಹಾಗಲ್ಲ. ನಮ್ಮಜ್ಜ ಅಲ್ಲಿ—"

"ಸಾಕು. ಕೊಚ್ಚಿಕೊಳ್ಳದ ಗಂಡಸು ಅಂದ್ರೆ ನನಗೆ ಗೌರವ. ಕುಡಿ."

ಅಡುಗೆಮನೆಯಲ್ಲಿ ಫುಮಿಯೆ ಗಂಡನ ಅಂಗಿ ಹಿಡಿದು ಎಳೆದಳು. "ರೀ, ಅಜ್ಜ ಚಪ್ಪಲಿ ಕಾಯ್ತಿದ್ರಲ್ವಾ?"

"ಹೂಂ."

"ಹೋಗಿ ಹೇಳಿಬಿಡಿ ಈಗ್ಲೇ. ಆಮೇಲೆ ಹೇಳಿದ್ರೆ ಇನ್ನೂ ಕಷ್ಟ."

ಉಶಿಯೊ ಹೋದ. ಕಾಗದದ ಬಾಗಿಲ ಆಚೆ ಮೇಷ್ಟ್ರು ಮೆಲ್ಲಗೆ ಏನೋ ಗುನುಗುತ್ತಿದ್ದರು. ಮೇಷ್ಟ್ರು! ಗುನುಗುತ್ತಿದ್ದರು! ಉಶಿಯೊ ತುದಿಗಾಲಲ್ಲಿ ವಾಪಸು ಬಂದ. "ನಾಳೆ ಹೇಳ್ತೀನಿ ಕಣೇ. ಪಾಪ, ಖುಷಿಯಾಗಿದಾರೆ."

"ಅಪ್ಪ ಖುಷಿಯಾಗಿದಾರಾ, ನೀವಾ?"

ಉಶಿಯೊನ ಬಾಯಲ್ಲಿ ಇನ್ನೂ ಸಾಕೆಯ ರುಚಿಯಿತ್ತು.

ಆ ನಾಳೆ ಬರಲೇ ಇಲ್ಲ. ಪ್ರದರ್ಶನದ ಹಿಂದಿನ ದಿನ ಗೊಂಡೊ ಲಾಂಡ್ರಿಗೆ ನುಗ್ಗಿದ. ಅವನ ಹಿಂದೆ ಸಂಸ್ಕೃತಿ ವಿಭಾಗದ ಗುಮಾಸ್ತ ನಿಶಿಗಾಕಿ. ಪಟ್ಟಣ ಕಚೇರಿಯಲ್ಲಿ ನಗುವಿಗೆಂದು ಪ್ರತ್ಯೇಕ ವಿಭಾಗವಿಲ್ಲದ ಕಾರಣ ಅದನ್ನೂ ನಿಶಿಗಾಕಿಯೇ ನೋಡಿಕೊಳ್ಳುತ್ತಿದ್ದ. ಆ ಭಾರಕ್ಕೆ ಅವನ ಮುಖ ಸದಾ ಬಾಡಿರುತ್ತಿತ್ತು.

"ಒಸಾಕಾದ ಬೆನ್ಶಿಗೆ ಗಂಟಲು ಹೋಗಿದೆ," ಎಂದ ನಿಶಿಗಾಕಿ. "ಏಡಿಯ ಕಾಲು ಅಡ್ಡ ಸಿಕ್ಕಿತಂತೆ. ತೆಗೆದಿದಾರೆ. ಏಡಿ ಬಂತು, ಧ್ವನಿ ಬರ್ಲಿಲ್ಲ."

"ಗುರುಗಳೇ," ಎಂದ ಗೊಂಡೊ. ನಿನ್ನೆಯವರೆಗೆ ಇದೇ ಬಾಯಿ 'ಲಾಂಡ್ರಿಯವ್ನೇ' ಎನ್ನುತ್ತಿತ್ತು. "ಹಮಾಸೆಯ ಮಾನ ನಿಮ್ಮ ಗಂಟಲಲ್ಲಿದೆ."

ಉಶಿಯೊನ ಕೈಯ ಇಸ್ತ್ರಿ ಪೆಟ್ಟಿಗೆ ಯಾರದೋ ಪ್ಯಾಂಟಿನ ಮೇಲೆ ನಿಂತೇಬಿಟ್ಟಿತು. "ಗೊಂಡೊ ಅವರೇ, ನನಗೆ ಏನೂ ಬರಲ್ಲ."

"ಗೊತ್ತು ಗೊತ್ತು."

"ನಿಮಗೆ ಗೊತ್ತಿಲ್ಲ! ನಿಜವಾಗ್ಲೂ ಬರಲ್ಲ. ನಾನು ಒಂದು ಮೂಕಿ ಚಿತ್ರಾನೂ ನೋಡಿಲ್ಲ."

ಗೊಂಡೊ ಗುಮಾಸ್ತನ ಕಡೆ ತಿರುಗಿದ. "ಕೇಳಿದ್ರಾ? ನೋಡೇ ಇಲ್ವಂತೆ! ಒಳ್ಳೆ ಅಡುಗೆಯವನು ಉಪ್ಪು ಯಾವುದು ಅಂತ ಕೇಳಿದ ಹಾಗಿದೆ."

ಹಮಾಸೆಯಲ್ಲಿ ಒಂದು ಕೆಲಸಕ್ಕೆ ಕರೆದಾಗ ಮೂರು ಸಲ ಬೇಡವೆನ್ನುವುದು ಪದ್ಧತಿ. ಮೂರನೆಯ ಬೇಡದಲ್ಲಿ ಒಪ್ಪಿಗೆ ಇರುತ್ತದೆ. ಉಶಿಯೊ ಮೂರು ಸಲ ಬೇಡವೆಂದ, ಒಪ್ಪಿಕೊಂಡಂತಾಯಿತು. ಗಾಬರಿಯಿಂದ ನಾಲ್ಕನೆಯ ಸಲ ಬೇಡವೆಂದ; ಗೊಂಡೊನ ಕಣ್ಣಲ್ಲಿ ನೀರು ಬಂತು. ಐದನೆಯ ಸಲಕ್ಕೆ ನಿಶಿಗಾಕಿ ಸೊಂಟ ಮುರಿಯುವಷ್ಟು ಬಾಗಿದ, ಜೊತೆಗೆ ಗೊಂಡೊನೂ ಬಾಗಿದ. ಸರ್ಕಾರದ ಮನುಷ್ಯ ಬಾಗಿದಾಗ ತಾನು ನೆಟ್ಟಗೆ ನಿಲ್ಲುವಂತಿಲ್ಲವಲ್ಲ. ಉಶಿಯೊ ಇನ್ನೂ ಕೆಳಗೆ ಬಾಗಿ, ಗಲ್ಲಾಪೆಟ್ಟಿಗೆಗೆ ಹಣೆ ಬಡಿಸಿಕೊಂಡ. ಅತ್ತ ಪ್ಯಾಂಟಿನಿಂದ ಹೊಗೆ ಏಳತೊಡಗಿತು.

"ನಿಮ್ಮ ಮಾವನವರು," ಎಂದ ಗೊಂಡೊ ಬಾಗಿದ ಸ್ಥಿತಿಯಿಂದಲೇ, "ಇಷ್ಟು ವರ್ಷದಿಂದ ಏನು ಹೇಳ್ತಾ ಬಂದಿದಾರೆ? ನನ್ನ ಅಳಿಯ ಕೈಲಾಗದವನು. ನನ್ನ ಅಳಿಯನಿಗೆ ಏನೂ ಬರಲ್ಲ. ಊರು ತುಂಬ ಹೇಳಿದಾರೆ! ಒಬ್ಬ ಮನುಷ್ಯ ಸ್ವಂತ ಅಳಿಯನ್ನ ಇಷ್ಟೊಂದು ಹೊಗಳಿದ್ದನ್ನ ನಾನು ನನ್ನ ಜನ್ಮದಲ್ಲೇ ಕೇಳಿಲ್ಲ. ಆಗ್ಲೇ ನಮಗೆ ಅನುಮಾನ ಇತ್ತು, ಈ ಲಾಂಡ್ರಿ ಒಳಗೆ ಏನೋ ಇದೆ ಅಂತ."

ಅಷ್ಟರಲ್ಲಿ ಒಳಗಿನಿಂದ ಮೇಷ್ಟ್ರ ಧ್ವನಿ ಬಂತು. "ಗೊಂಡೊ! ಅವನು ಮಾಡ್ತಾನೆ. ಹೋಗು."

ಹಾಗೆ ತೀರ್ಮಾನವಾಯಿತು. ಪ್ಯಾಂಟು ಸುಟ್ಟಿತು.

ಪ್ರದರ್ಶನದ ಮಧ್ಯಾಹ್ನ ಸಭಾಂಗಣದ ಪರದೆಯ ಹಿಂದೆ ಉಶಿಯೊ ಗೊಂಡೊನ ಮನೆತನದ ಕಪ್ಪು ನಿಲುವಂಗಿ ತೊಟ್ಟು, ಬೆವರಿ, ಒಣಮೀನಿನ ಪೆಟ್ಟಿಗೆಯ ಮೇಲೆ ಕೂತಿದ್ದ. ವಾದ್ಯದವರು ಆಗಷ್ಟೇ ರೈಲಿನಿಂದ ಇಳಿದು ಬಂದಿದ್ದರು. ಪಿಯಾನೋಗೆ ಒಬ್ಬ ಎತ್ತರದ ಹೆಂಗಸು, ಕ್ಲಾರಿನೆಟ್ಟಿಗೆ ಒಬ್ಬ ಬೋಳುತಲೆಯವನು, ಮತ್ತು ಒರಿನೊ ಎಂಬ ದಪ್ಪ ಹೆಂಗಸು. ಈ ಒರಿನೊ ಡೋಲು, ತಾಳ, ಗಂಟೆ, ಮರದ ತುಂಡು, ಬಾತುಕೋಳಿಯಂತೆ ಕೂಗುವ ಪೀಪಿ ಎಲ್ಲವನ್ನೂ ತನ್ನ ಸುತ್ತ ಹರಡಿಕೊಂಡು ಸಂತೆಯಲ್ಲಿ ಕೂತವಳಂತೆ ಕೂತಿದ್ದಳು.

"ಏನಪ್ಪಾ ಗುರುಗಳೇ, ಮುಖ ಯಾಕೆ ಹಾಗಿದೆ?"

"ಅಮ್ಮಾ, ನನಗೆ ಏನೂ ಬರಲ್ಲ."

ಒರಿನೊ ಅವನ ಮುಖವನ್ನು ದಿಟ್ಟಿಸಿ ನೋಡಿದಳು. ಒಸಾಕಾದವರಿಗೆ ಹಮಾಸೆಯವರ ಸಭ್ಯತೆ ಇಲ್ಲ. "ಹೌದು, ಬರಲ್ಲ," ಎಂದಳು. "ನೋಡಿದ್ರೇ ಗೊತ್ತಾಗುತ್ತೆ."

ಉಶಿಯೊಗೆ ಅವಳ ಕಾಲಿಗೆ ಬೀಳಬೇಕೆನಿಸಿತು. "ಏನು ಮಾಡ್ಲಿ?"

"ಬಾಯಿಗೆ ಬಂದ್ರೆ ಮಾತಾಡು, ಬರದಿದ್ರೆ ಸುಮ್ಮನಿರು. ಅವನು ನಡೀತಾನೆ, ನಾವು ನುಡಿಸ್ತೀವಿ. ನೂರು ವರ್ಷದಿಂದ ನಡೀತಿದಾನೆ ಪುಣ್ಯಾತ್ಮ, ನೀನು ಮಾತಾಡ್ಲಿಲ್ಲ ಅಂತ ಇವತ್ತು ನಿಂತುಬಿಡ್ತಾನಾ?"

ಉಶಿಯೊ ಅಲ್ಲೇ ಗಟ್ಟಿ ಮನಸ್ಸು ಮಾಡಿದ. ವೇದಿಕೆ ಹತ್ತಿ, ಊರ ಮುಂದೆ, ಮಾವನ ಮುಂದೆ, ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುವುದು. ಸಿಕ್ಕ ಸಾಕೆ ಸಿಕ್ಕಿತು. ಇನ್ನು ಸಿಗದಿದ್ದರೆ ಬೇಡ.

ಹತ್ತಿದ. ಸಭೆ ಕಿಕ್ಕಿರಿದಿತ್ತು. ಎಲ್ಲರೂ ಹಬ್ಬದ ಬಟ್ಟೆಯಲ್ಲಿದ್ದರು; ಮುಕ್ಕಾಲು ಪಾಲು ಅವನೇ ಇಸ್ತ್ರಿ ಮಾಡಿದ್ದು. ಮೊದಲ ಸಾಲಿನ ನಡುವೆ ಮೇಷ್ಟ್ರು, ಬೆನ್ನು ಗೋಡೆಗೆ ಹೊಡೆದ ಹಲಗೆಯಂತೆ.

"ನನಗೆ ಏನೂ ಬರುವುದಿಲ್ಲ," ಎಂದ ಉಶಿಯೊ.

ಚಪ್ಪಾಳೆ.

"ದಯವಿಟ್ಟು ಕೇಳಿ. ನಮ್ಮಜ್ಜ ಬೆನ್ಶಿ ಅಲ್ಲ. ಕಮೊಮೆಯ ಬಾಗಿಲಲ್ಲಿ ನಿಮ್ಮ ತಾತಂದಿರ ಚಪ್ಪಲಿ ಕಾಯ್ತಿದ್ದ. ನಾನು ಸುಳ್ಳು ಹೇಳ್ಲಿಲ್ಲ, ಆದ್ರೆ ನಿಜಾನೂ ಹೇಳ್ಲಿಲ್ಲ. ಕ್ಷಮಿಸಿ!"

ಸಭಾಂಗಣದ ತಗಡು ಹಾರಿಹೋಗುವಂತೆ ಚಪ್ಪಾಳೆ. "ಇದಕ್ಕೇ ಕಾಯ್ತಿದ್ವಿ!" ಎಂದು ಹಿಂದಿನಿಂದ ಯಾರೋ ಹಳೆಯ ಕಾಲದ ನಾಟಕದವರಂತೆ ಕೂಗಿದರು. ಗೊಂಡೊ ಕಣ್ಣೊರೆಸಿಕೊಂಡು ಪಕ್ಕದವನಿಗೆ ಹೇಳುತ್ತಿದ್ದುದು ವೇದಿಕೆಗೂ ಕೇಳಿಸಿತು. "ನೋಡಿದ್ರಾ? ನಮ್ಮನ್ನ ಎತ್ತರದಲ್ಲಿ ಕೂರ್ಸೋಕೆ ಸ್ವಂತ ತಾತನ್ನ ಚಪ್ಪಲಿ ತನಕ ಇಳಿಸಿಬಿಟ್ರು! ಇದು ಕಲಿತು ಬರೋದಲ್ಲಾರೀ, ರಕ್ತದಲ್ಲೇ ಇರಬೇಕು."

ಚಪ್ಪಾಳೆ ತಟ್ಟದವರು ಒಬ್ಬರೇ. ಮೇಷ್ಟ್ರು ಅಳಿಯನನ್ನೇ ನೋಡುತ್ತಿದ್ದರು. ಹುಡುಗರು ಹೇಳುವ ಸುಳ್ಳು ಕೇಳಿ ಕೇಳಿ ತಲೆ ನೆರೆಸಿಕೊಂಡ ಮನುಷ್ಯ; ನಿಜ ಎದುರಿಗೆ ಬಂದು ನಿಂತರೆ ಅವರಿಗೆ ಗುರುತು ಸಿಗದೆ ಇರುತ್ತದೆಯೇ? ಅವರ ಹುಬ್ಬುಗಳು ನಿಧಾನಕ್ಕೆ ಕೂಡಿಕೊಂಡವು. ದೀಪ ಆರಿತು.

ಪರದೆಯ ಮೇಲೆ ಬೆಳಕು ಮೂಡಿತು. ಕಪ್ಪು ಬಿಳುಪಿನ ಒಂದು ದೊಡ್ಡ ಹೋಟೆಲು. ಅಲ್ಲೊಬ್ಬ ಮಾಣಿ, ಬಡಕಲು, ಕಿವಿ ಅಗಲ, ಮುಖದಲ್ಲಿ ನಗುವೂ ಇಲ್ಲ ಅಳುವೂ ಇಲ್ಲ. ಅಡುಗೆಯವನು ಅವನ ಕೈಗೆ ಸೂಪಿನ ಬಟ್ಟಲು ಕೊಡುತ್ತಾನೆ, ಅಂಚಿನವರೆಗೆ ತುಂಬಿದ್ದು. ಊರಿನ ಆ ತುದಿಯಲ್ಲಿ, ಎತ್ತರದ ಕಟ್ಟಡದ ಮೇಲಂತಸ್ತಿನಲ್ಲಿ, ಕಾಯಿಲೆ ಬಿದ್ದ ಮುದುಕನಿಗೆ ಇದನ್ನು ಮುಟ್ಟಿಸಬೇಕು, ಒಂದು ಹನಿಯೂ ಚೆಲ್ಲಬಾರದು ಎಂದು ಕೈಸನ್ನೆಯಲ್ಲೇ ಹೇಳುತ್ತಾನೆ. ಮಾಣಿ ತಲೆಯಾಡಿಸುತ್ತಾನೆ. ನಡೆಯತೊಡಗುತ್ತಾನೆ.

ಪಿಯಾನೋ ಕೂಡ ನಡೆಯತೊಡಗಿತು.

ಬೆನ್ಶಿಯಾದವನು ಸಭೆಯ ಕಡೆ ಮುಖ ಮಾಡಿ ನಿಲ್ಲಬೇಕು. ಉಶಿಯೊ ಸಭೆಗೆ ಬೆನ್ನು ಹಾಕಿ ಪರದೆಯ ಕಡೆ ತಿರುಗಿಯೇಬಿಟ್ಟ. ಸಭೆ, ಮಾನ, ಮಾವ, ನಿಲುವಂಗಿ ಎಲ್ಲ ಮರೆತುಹೋಯಿತು. ಮಾಣಿ ಚಲಿಸುತ್ತಿದ್ದ ಟ್ರಾಮಿನಿಂದ ಪಕ್ಕದ ಟ್ರಾಮಿಗೆ ಕಾಲಿಟ್ಟ, ಒರಿನೊ ಮರದ ತುಂಡಿಗೆ ಒಂದೇ ಏಟು ಕೊಟ್ಟಳು, ಬಟ್ಟಲು ಅಲುಗಲಿಲ್ಲ. ಪೊಲೀಸಿನವನು ಹಿಂದಿನಿಂದ ಭುಜ ಹಿಡಿದು ಗಿರ್ರನೆ ತಿರುಗಿಸಿದ; ದೇಹವೆಲ್ಲ ಬುಗುರಿಯಾಗಿ ತಿರುಗಿತು, ಬಟ್ಟಲು ಮಾತ್ರ ಗಾಳಿಯಲ್ಲಿ ಮೊಳೆ ಹೊಡೆದಂತೆ ನಿಂತಿತ್ತು. ಅದು ಹೇಗೆ? ಉಶಿಯೊ ಬಾಯಿ ತೆರೆದ. ಮಾತು ಬರಲಿಲ್ಲ. ಕ್ಲಾರಿನೆಟ್ಟು ಬಂತು. ಅದು ಮಾಣಿಯ ಮನಸ್ಸಿನಲ್ಲಿರುವುದನ್ನೆಲ್ಲ ಬಲ್ಲಂತೆ, ಅವನ ಮುಖ ಹೇಳದೆ ಬಿಟ್ಟದ್ದನ್ನು ಎತ್ತಿಕೊಂಡು, ಸ್ವಲ್ಪ ಅಳುತ್ತ, ಸ್ವಲ್ಪ ಹುಡುಗಾಟವಾಡುತ್ತ ಅವನ ಹಿಂದೆಯೇ ಹೋಗುತ್ತಿತ್ತು.

ಬೀದಿಯ ಮೂಲೆಯಿಂದ ಒಂದು ನಾಯಿ ಹಾರಿ ಬಂತು. ಮಾಣಿ ನೋಡಲಿಲ್ಲ.

"ಏಯ್!" ಎಂದು ಕಿರುಚಿದ ಉಶಿಯೊ. "ಹಿಂದೆ ನಾಯಿ ಕಣೋ!"

ಸರಿಯಾಗಿ ಆಗಲೇ ಮಾಣಿ ಕಾಲೆತ್ತಿದ. ನಾಯಿ ಕೆಳಗಿಂದ ದಾಟಿಹೋಯಿತು. ಒರಿನೊಳ ಪೀಪಿ ಬಾತುಕೋಳಿಯಂತೆ ಕೂಗಿತು.

"ಅಯ್ಯೋ ದೇವರೇ, ಕೇಳಿಸ್ತು ಅವನಿಗೆ!" ಎಂದಳು ಮೂರನೆಯ ಸಾಲಿನ ಒಬ್ಬ ಅಜ್ಜಿ.

ಅಲ್ಲಿಗೆ ಹಮಾಸೆಯ ಸಭ್ಯತೆ ಮುಗಿಯಿತು. ಕೆಮ್ಮುವುದಕ್ಕೂ ಅಕ್ಕಪಕ್ಕದವರ ಕ್ಷಮೆ ಕೇಳುವ ಜನ ಕುರ್ಚಿಯ ಮೇಲೆ ಹತ್ತಿ ನಿಂತರು. "ಮೇಲೆ ನೋಡು, ಹೂಕುಂಡ!" ಎಂದ ಮೀನಿನಂಗಡಿಯವನು. "ಬಲಕ್ಕೆ, ಬಲಕ್ಕೆ!" ಎಂದ ಗೊಂಡೊ. ಸಂಸ್ಕೃತಿ ವಿಭಾಗದ ನಿಶಿಗಾಕಿ ಎರಡೂ ಕೈಯಿಂದ ಕಣ್ಣು ಮುಚ್ಚಿಕೊಂಡು, ಬೆರಳ ಸಂದಿಯಲ್ಲಿ ನೋಡುತ್ತ, "ಚೆಲ್ಲುತ್ತೆ, ಈಗ ಚೆಲ್ಲುತ್ತೆ," ಎಂದು ನರಳುತ್ತಿದ್ದ, ಚೆಲ್ಲಿದರೆ ತಾನೇ ವರದಿ ಬರೆಯಬೇಕೇನೋ ಎಂಬಂತೆ.

ಚೆಲ್ಲಲಿಲ್ಲ. ಮಾಣಿ ಕೊನೆಗೆ ಒಂದು ಮಹಡಿಯ ಮೇಲೆ ಬಂದು ನಿಂತ. ಮುದುಕನ ಕಟ್ಟಡ ಎದುರಿಗೇ ಇದೆ. ನಡುವೆ ಪ್ರಪಾತದಂತೆ ಬೀದಿ. ಈ ಮಹಡಿಯಿಂದ ಆ ಮಹಡಿಗೆ ಒಂದು ಹಲಗೆ.

ಮೂವರು ವಾದ್ಯದವರೂ ನುಡಿಸುವುದನ್ನು ನಿಲ್ಲಿಸಿದರು.

ಸಭಾಂಗಣದಲ್ಲಿ ಒಂದು ಸದ್ದಿಲ್ಲ. ಮಾಣಿ ಹಲಗೆಯ ತುದಿಯಲ್ಲಿ ನಿಂತಿದ್ದ. ಅವನ ಏಪ್ರನ್ನು ಗಾಳಿಗೆ ಪಟಪಟನೆ ಹಾರುತ್ತಿತ್ತು. ಆ ಗಾಳಿ ನಿಜ. ಕೆಳಗೆ ಇರುವೆಗಳಂತೆ ಹೋಗುತ್ತಿದ್ದ ಗಾಡಿಗಳು ನಿಜ. ಯಾವುದೋ ಊರಲ್ಲಿ, ಅಂದು ಇದ್ದವರು ಯಾರೂ ಈಗ ಬದುಕಿಲ್ಲದಷ್ಟು ಹಿಂದಿನ ಒಂದು ದಿನ, ಒಬ್ಬ ಮನುಷ್ಯ ಜನ ನಗಲಿ ಎಂಬ ಒಂದೇ ಕಾರಣಕ್ಕೆ ನಿಜವಾಗಿಯೂ ಅಲ್ಲಿ ಹೋಗಿ ನಿಂತಿದ್ದ.

"ಎಡಗಾಲು!"

ಸಭೆ ಬೆಚ್ಚಿಬಿತ್ತು. ಆ ಧ್ವನಿ ಊರಿನ ಅರ್ಧ ಜನಕ್ಕೆ ಗೊತ್ತು. ಅಕುತ್ಸು ಮೇಷ್ಟ್ರು ಎದ್ದು ನಿಂತಿದ್ದರು. "ಎಡಗಾಲು ಮೊದಲು ಕಣೋ, ಕತ್ತೆ! ಬಲಗಾಲಲ್ಲಿ ಭಾರ ಇದೆ, ಕಾಣ್ಸಲ್ವಾ?"

ಮಾಣಿ ಎಡಗಾಲನ್ನು ಹಲಗೆಯ ಮೇಲಿಟ್ಟ. ಒರಿನೊ ಚಿಕ್ಕದೊಂದು ಗಂಟೆಯನ್ನು ಮುಟ್ಟಿದಳಷ್ಟೆ.

ನಡುವಿಗೆ ಬಂದಾಗ ಹಲಗೆ ಮುರಿಯಿತು. ಹೆಂಗಸರು ಚೀರಿದರು. ಮಾಣಿ ಕೂತ ಭಂಗಿಯಲ್ಲೇ ಕೆಳಗೆ ಬಂದ. ಪ್ರತಿ ಅಂತಸ್ತಿನ ಬಟ್ಟೆಯ ಚಪ್ಪರವೂ ಅವನನ್ನು ಒಂದು ಗಳಿಗೆ ಹಿಡಿದು, ಹರಿದು, ಕೆಳಗಿನದಕ್ಕೆ ಒಪ್ಪಿಸಿತು. ಒಂದೊಂದಕ್ಕೂ ಡೋಲಿನ ಒಂದೊಂದು ಏಟು. ಕೊನೆಗೆ ಓಡುತ್ತಿದ್ದ ಹುಲ್ಲಿನ ಗಾಡಿಯ ಮೇಲೆ ಮೆತ್ತಗೆ ಕೂತ. ಬಟ್ಟಲನ್ನು ನೋಡಿದ. ಮುಖದಲ್ಲಿ ಏನೂ ಇಲ್ಲ. ಇಳಿದ. ಮತ್ತೆ ಮೆಟ್ಟಿಲು ಹತ್ತಲು ಶುರು ಮಾಡಿದ. ಅವನ ಜೊತೆ ಪಿಯಾನೋ ಕೂಡ ಏದುಸಿರು ಬಿಡುತ್ತ ಹತ್ತಿತು. ಸಭೆಯಲ್ಲಿ ನಗುವವರು ಯಾರು, ಅಳುವವರು ಯಾರು ಎಂದು ಹೇಳಲು ಬರುವಂತಿರಲಿಲ್ಲ.

ಬಾಗಿಲು ತೆರೆಯಿತು. ಹಾಸಿಗೆಯಲ್ಲಿ ಮುದುಕ, ಬಿಳಿ ಮೀಸೆ, ಗಂಟುಮುಖ, ಅಕುತ್ಸು ಮೇಷ್ಟ್ರಿಗೆ ಅಣ್ಣನಿದ್ದರೆ ಹೀಗಿರಬೇಕು. ಮಾಣಿ ಬಟ್ಟಲು ಕೊಟ್ಟ. ಮುದುಕ ಒಂದು ಚಮಚ ಬಾಯಿಗಿಟ್ಟ. ಮುಖ ಹಿಂಡಿದ. ಬಾಯಾಡಿಸಿದ. ಪರದೆಯ ಮೇಲೆ ಇಂಗ್ಲಿಷಿನಲ್ಲಿ ಏನೋ ಬಂತು.

ಇಡೀ ಸಭೆ ಉಶಿಯೊನ ಕಡೆ ನೋಡಿತು. ಅವನು ಪರದೆಯನ್ನೇ ನೋಡುತ್ತಿದ್ದ. ಶಾಲೆ ಬಿಟ್ಟವನಿಗೆ ಆ ಅಕ್ಷರ ಸೊಳ್ಳೆಯ ಕಾಲು. ಪಿಯಾನೋದವಳು ಒಂದು ಬೆರಳನ್ನು ಗಾಳಿಯಲ್ಲಿ ಹಿಡಿದು ಕಾಯುತ್ತಿದ್ದಳು. ಆಯುಷ್ಯವೆಲ್ಲ ಇಂಗ್ಲಿಷು ಕಲಿಸಿದ ಮೇಷ್ಟ್ರಿಗೆ ತಡೆಯಲಾಗಲಿಲ್ಲ.

"ಆರಿಹೋಗಿದೆ, ಅಂತಾನೆ!" ಎಂದು ಕೂಗಿದರು. ಧ್ವನಿ ಕೋಪಕ್ಕೆ ಸೀಳಿತ್ತು. "ಅಷ್ಟು ದೂರದಿಂದ... ಆ ಹಲಗೆ ಮೇಲಿಂದ... ಆರಿಹೋಗಿದೆ, ಬೇರೆ ತಗೊಂಡು ಬಾ, ಅಂತಾನೆ ಮುದುಕ!"

ಮಾಣಿ ಬಾಗಿ ನಮಸ್ಕಾರ ಮಾಡಿದ. ಅದೇ ಬಟ್ಟಲನ್ನು ಎತ್ತಿಕೊಂಡ. ಒಂದು ಹನಿಯೂ ಚೆಲ್ಲದಂತೆ ಬಂದ ದಾರಿಯಲ್ಲೇ ಹೊರಟ.

ಸಭಾಂಗಣ ಸಿಡಿಯಿತು. ಜನ ಒಬ್ಬರ ಮೇಲೊಬ್ಬರು ಬಿದ್ದು ನಕ್ಕರು. ಫುಮಿಯೆ ನಗುವುದನ್ನು ನಿಲ್ಲಿಸಿ ಗಾಬರಿಯಿಂದ ಎದ್ದಳು, ಏಕೆಂದರೆ ಅವಳ ಅಪ್ಪನ ಭುಜಗಳು ಕುಲುಕುತ್ತಿದ್ದವು, ಉಸಿರು ಸಿಕ್ಕಿಕೊಂಡಿತ್ತು, ಮೂಗಿನಿಂದ ನೀರಿಳಿಯುತ್ತಿತ್ತು. ಡಾಕ್ಟರನ್ನು ಕರೆಯಬೇಕೆಂದುಕೊಂಡಳು. ನಗು ಅದು ಎಂದು ತಿಳಿಯಲು ಅವಳಿಗೆ ಸ್ವಲ್ಪ ಹೊತ್ತು ಬೇಕಾಯಿತು.

ದೀಪ ಹತ್ತಿತು. "ಗುರುಗಳೇ! ಗುರುಗಳೇ!" ಎಂದು ಗೊಂಡೊ ವೇದಿಕೆಯ ಕಡೆ ಓಡಿದ. "ಮಾತೇ ಆಡದೆ ಊರನ್ನೆಲ್ಲ ಬೆನ್ಶಿ ಮಾಡಿಬಿಟ್ರಲ್ಲ! ಬರೋ ವರ್ಷ—"

"ಸುಮ್ಮನಿರು," ಎಂದರು ಮೇಷ್ಟ್ರು. ಗೊಂಡೊ ಸುಮ್ಮನಾದ, ಅಂಗೈಯನ್ನು ಬೆನ್ನ ಹಿಂದೆ ಬಚ್ಚಿಟ್ಟುಕೊಂಡ.

ಮೇಷ್ಟ್ರು ವೇದಿಕೆಯ ಬುಡಕ್ಕೆ ಬಂದು ನಿಂತರು. ಉಶಿಯೊ ಮೇಲಿದ್ದ, ಆದರೂ ಅವನಿಗೆ ತಾನೇ ಕೆಳಗಿರುವಂತೆ ಅನಿಸಿತು.

"ನಿನ್ನ ತಾತ ಚಪ್ಪಲಿ ಕಾಯ್ತಿದ್ದ."

"ಹೌದು, ಮಾವ."

"ಅವತ್ತೇ ಹೇಳಿದ್ರೆ ಏನಾಗ್ತಿತ್ತು?"

"ನೀವು ಸಾಕೆ ಬಗ್ಗಿಸ್ತಿರಲಿಲ್ಲ."

ಮೇಷ್ಟ್ರು ಯೋಚಿಸಿದರು. "ಬಗ್ಗಿಸ್ತಿರಲಿಲ್ಲ," ಎಂದು ಒಪ್ಪಿಕೊಂಡರು. ಆಮೇಲೆ ಬರಿದಾದ ಪರದೆಯನ್ನು ನೋಡಿದರು. "ಆ ಹಲಗೆ ಮೇಲೆ ಎಡಗಾಲು ಇಟ್ಟ ನೋಡು. ಕಣ್ಣು ಬಟ್ಟಲ ಮೇಲೇ ಇತ್ತು. ಕಾಲು ಹ್ಯಾಗೆ ಇಟ್ಟ ಅವನು?"

"ಗೊತ್ತಿಲ್ಲ, ಮಾವ."

"ನಿನಗೆ ಏನೂ ಗೊತ್ತಿಲ್ಲ."

"ಇಲ್ಲ."

"ನನಗೂ ಗೊತ್ತಿಲ್ಲ ಕಣೋ," ಎಂದರು ಮೇಷ್ಟ್ರು, ಜೀವಮಾನದಲ್ಲಿ ಮೊದಲ ಸಲ ಆಡಿದ ಮಾತಿನಂತೆ ಒಂದೊಂದೇ ಪದವನ್ನು ಬಿಡಿಸಿ. ಮೂಗು ಒರೆಸಿಕೊಂಡರು. ಹಿಂದೆ ತಿರುಗಿದರು. "ನಿಶಿಗಾಕಿ! ಇನ್ನೊಂದ್ಸಲ ಹಾಕ್ಸು."

"ಸರ್, ಸಭಾಂಗಣ ಬಿಟ್ಟುಕೊಡೋ ಹೊತ್ತಾಯ್ತು. ಮೀನು ಒಣಗಿಸೋರ ಮೀಟಿಂಗ್ ಇದೆ. ನಿಯಮದ ಪ್ರಕಾರ—"

"ಮೀನು ಒಣಗಿಸೋರೆಲ್ಲ ಇಲ್ಲೇ ಕೂತಿದಾರೆ, ಬೆಪ್ಪೇ. ಹಾಕ್ಸು."

ನಿಶಿಗಾಕಿ ವಾದ್ಯದವರ ಕಡೆ ನೋಡಿದ. ಒರಿನೊ ಆಗಲೇ ಕೋಲು ಕೈಗೆತ್ತಿಕೊಂಡಿದ್ದಳು. "ಅವನಿಗೆ ಆಯಾಸ ಇಲ್ಲ, ನಮಗೇನು?" ಎಂದಳು.

ಮೇಷ್ಟ್ರು ತಮ್ಮ ಪಕ್ಕದ ಕುರ್ಚಿಯಲ್ಲಿದ್ದ ಮೀನಿನಂಗಡಿಯವನನ್ನು ಕಣ್ಣಿನಿಂದಲೇ ಎಬ್ಬಿಸಿದರು. "ಇಳಿದು ಬಾ," ಎಂದರು ಅಳಿಯನಿಗೆ. "ಇಲ್ಲಿ ಕೂತ್ಕೋ. ಅಲ್ಲಿ ನಿಂತು ಬೊಬ್ಬೆ ಹೊಡ್ದಿದ್ದು ಸಾಕು."

ಉಶಿಯೊ ನಿಲುವಂಗಿಯನ್ನು ಮೊಣಕಾಲವರೆಗೆ ಎತ್ತಿಕೊಂಡು ಇಳಿದು ಬಂದು ಕೂತ. ದೀಪ ಆರಿತು. ಮಾಣಿ ಬಟ್ಟಲು ಹಿಡಿದ, ಪಿಯಾನೋ ನಡೆಯಿತು, ಟ್ರಾಮು ಬಂತು, ನಾಯಿ ಬಂತು. ಈ ಸಲ ಯಾರೂ ಕೂಗಲಿಲ್ಲ. ಮೊದಲ ಸಲ ಕೂಗಾಟದಲ್ಲಿ ಕಳೆದುಕೊಂಡದ್ದನ್ನೆಲ್ಲ ಊರು ಈಗ ಬಾಯಿ ತೆರೆದು ನೋಡುತ್ತಿತ್ತು: ಬಟ್ಟಲ ಅಂಚಿನಲ್ಲಿ ನಡುಗುತ್ತಿದ್ದ ಬೆಳಕು, ಬೀದಿಯಲ್ಲಿ ನಿಂತು ಅವನನ್ನೇ ನೋಡುತ್ತಿದ್ದ, ಚಿತ್ರಕ್ಕೆ ಸಂಬಂಧವೇ ಇಲ್ಲದ ಯಾರೋ ಒಬ್ಬಳು ಹೆಂಗಸು.

ಮಹಡಿ ಬಂತು. ಹಲಗೆ ಬಂತು. ವಾದ್ಯಗಳು ನಿಂತವು.

ಹಲಗೆ ಮುರಿಯುತ್ತದೆ, ಅವನಿಗೆ ಏನೂ ಆಗುವುದಿಲ್ಲ, ಸೂಪು ಚೆಲ್ಲುವುದಿಲ್ಲ ಎಂದು ಇಬ್ಬರಿಗೂ ಚೆನ್ನಾಗಿ ಗೊತ್ತಿತ್ತು. ಆದರೂ ಕತ್ತಲಲ್ಲಿ ಮೇಷ್ಟ್ರ ಕೈ ಬಂದು ಅಳಿಯನ ತೋಳನ್ನು ನೋವಾಗುವಷ್ಟು ಗಟ್ಟಿಯಾಗಿ ಹಿಡಿಯಿತು.

"ಎಡಗಾಲು," ಎಂದು ಪಿಸುಗುಟ್ಟಿದರು ಮೇಷ್ಟ್ರು.

"ಎಡಗಾಲು, ಮಾವ," ಎಂದ ಉಶಿಯೊ.

ಗಾಳಿಗೆ ಏಪ್ರನ್ನು ಹಾರಿತು. ಮಾಣಿ ಎಡಗಾಲನ್ನು ಇಟ್ಟ.